ನೋವಿಗೆ ಬೇರೊಂದು ಕಾಯಿಲೆಯ ಮಾತ್ರೆ

2013ರ ಫೆಬ್ರುವರಿಯಲ್ಲಿ ನಾರ್ವೆಯ ಟಿವಿ2 ವಾಹಿನಿಯಲ್ಲಿ ಒಂದು ಸಾಕ್ಷ್ಯಚಿತ್ರ ಪ್ರಸಾರವಾಯಿತು. ಅದರ ವಸ್ತು ನಾಲ್ಟ್ರೆಕ್ಸೋನ್ ಎಂಬ ಹಳೆಯ, ಅಗ್ಗದ ಮಾತ್ರೆ. ಹೆರಾಯಿನ್ ಚಟದಿಂದ ಹೊರಬಂದವರು ಮತ್ತೆ ಅದರ ಕಡೆ ಹೋಗದಿರಲೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1984ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಹತ್ತು ವರ್ಷದ ಮೇಲೆ ಕುಡಿತದ ಚಟಕ್ಕೂ ಅನುಮತಿ ಸಿಕ್ಕಿತು. ಪ್ರಮಾಣ ದಿನಕ್ಕೆ 50 ಮಿಲಿಗ್ರಾಂ. ನಾರ್ವೆಯ ಜನ ಟಿವಿಯಲ್ಲಿ ಕೇಳಿದ್ದು ಬೇರೆಯೇ ಕಥೆ. ಇದೇ ಮಾತ್ರೆಯನ್ನು ಹತ್ತನೇ ಒಂದು ಪಾಲಿಗಿಂತ ಕಡಿಮೆ ಪ್ರಮಾಣದಲ್ಲಿ, ಮೂರೋ ನಾಲ್ಕೂವರೆಯೋ ಮಿಲಿಗ್ರಾಂನಷ್ಟು ತೆಗೆದುಕೊಂಡರೆ ವರ್ಷಗಟ್ಟಲೆ ಬಿಡದೆ ಕಾಡುವ ಕಾಯಿಲೆಗಳಲ್ಲಿ ಆರಾಮ ಸಿಗುತ್ತದೆ ಎಂಬ ಮಾತು ಅದು. ಅಲ್ಲಿಯವರೆಗೆ ಆ ದೇಶದಲ್ಲಿ ಇದನ್ನು ಹೀಗೆ ಬಳಸುತ್ತಿದ್ದವರು ಬೆರಳೆಣಿಕೆಯಷ್ಟು. ಮುಂದಿನ ಕೆಲವೇ ವರ್ಷಗಳಲ್ಲಿ ಜನಸಂಖ್ಯೆಯ ಸುಮಾರು ಶೇ. 0.3ರಷ್ಟು ಮಂದಿಯ ಹೆಸರಿನಲ್ಲಿ ಒಂದು ಬಾರಿಯಾದರೂ ಈ ಮಾತ್ರೆಯ ಚೀಟಿ ಬರೆಯಲಾಗಿತ್ತು. ಐವತ್ತು ಲಕ್ಷ ಜನರ ದೇಶದಲ್ಲಿ ಅದು ಸಣ್ಣ ಸಂಖ್ಯೆಯಲ್ಲ.

ಹೀಗೆ ಒಂದು ಕಾಯಿಲೆಗೆ ಅನುಮತಿ ಪಡೆದ ಔಷಧಿಯನ್ನು ಇನ್ನೊಂದಕ್ಕೆ, ಅಥವಾ ಅನುಮತಿಯಲ್ಲಿ ಇಲ್ಲದ ಪ್ರಮಾಣದಲ್ಲಿ ಬರೆಯುವುದನ್ನು ವೈದ್ಯರು ಆಫ್‌-ಲೇಬಲ್ ಬಳಕೆ ಎನ್ನುತ್ತಾರೆ. ಕೇಳಿದ ತಕ್ಷಣ ಕಳ್ಳದಾರಿಯ ವ್ಯವಹಾರದಂತೆ ಕಾಣುತ್ತದೆ. ಹಾಗೇನಿಲ್ಲ. ಅಮೆರಿಕದ ವೈದ್ಯರ ಚೀಟಿಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಸಾಮಾನ್ಯ ಔಷಧಿಗಳ ಬಳಕೆಯಲ್ಲಿ ಶೇ. 21ರಷ್ಟು ಈ ಬಗೆಯದು. ಅದೇ ಅಧ್ಯಯನದ ಎರಡನೆಯ ಅಂಕಿ ಹೆಚ್ಚು ಕಳವಳದ್ದು: ಆ ಬಳಕೆಯಲ್ಲಿ ಶೇ. 73ಕ್ಕೆ ವೈಜ್ಞಾನಿಕ ಆಧಾರ ಅತ್ಯಲ್ಪ, ಇಲ್ಲವೇ ಏನೂ ಇರಲಿಲ್ಲ.

ನಾರ್ವೆಯ ಆ ಸಾವಿರಾರು ಮಂದಿ ಮಾಡಿದ್ದು ತಪ್ಪೇ? ನನ್ನ ಉತ್ತರ, ತಪ್ಪಲ್ಲ. ಬೇರೆ ದಾರಿ ಮುಚ್ಚಿಹೋದ ರೋಗಿಗೆ, ವೈದ್ಯರ ಜೊತೆ ಕೂತು ಇಂಥ ಮಾತ್ರೆಯೊಂದನ್ನು ಪರೀಕ್ಷಿಸಿ ನೋಡುವ ಹಕ್ಕಿದೆ. ಆದರೆ ಪರೀಕ್ಷೆ ಎಂದ ಮೇಲೆ ಅದರಲ್ಲಿ ಮಾತ್ರೆ ಸೋಲುವುದಕ್ಕೂ ಅವಕಾಶ ಇರಬೇಕು. ಯಾವ ಫಲಿತಾಂಶ ಬಂದರೂ ‘ಇನ್ನೊಂದು ತಿಂಗಳು ನೋಡೋಣ’ ಎಂದೇ ಮುಗಿಯುವುದಾದರೆ ಅದನ್ನು ಪರೀಕ್ಷೆ ಎನ್ನಲಾಗದು. ನಮ್ಮಲ್ಲೂ ಹೊರಗೂ ನೋವಿನ ರೋಗಿಗಳಿಗೆ ದೊರೆಯುತ್ತಿರುವುದು ಬಹುಪಾಲು ಈ ಎರಡನೆಯ ಬಗೆ.

ರೋಗಿಯ ಕಡೆಯಿಂದಲೇ ನೋಡೋಣ. ಫೈಬ್ರೊಮಯಾಲ್ಜಿಯಾ ಇರುವ ಹೆಂಗಸಿಗೆ ಮೈಯೆಲ್ಲ ನೋವು, ಎಷ್ಟು ಮಲಗಿದರೂ ತೀರದ ಆಯಾಸ, ಅಡುಗೆಮನೆಗೆ ಯಾಕೆ ಬಂದೆ ಎಂಬುದೇ ನೆನಪಾಗದಂಥ ಮಂಕು. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಿಗೆ ರಾತ್ರಿ ಹೊದಿಕೆ ತಗುಲಿದರೂ ಅಂಗಾಲು ಉರಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನವರಿಗೆ ಜೋಮು, ಸೆಳೆತ, ಕಾಲು ಬಿಗಿಯುವುದು. ಇವರಲ್ಲಿ ಎಷ್ಟೋ ಜನರ ರಕ್ತಪರೀಕ್ಷೆ, ಎಂಆರ್‌ಐ ನೋವಿನ ಗುರುತು ಕೊಡುವುದಿಲ್ಲ. ‘ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಮ್ಮಾ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತನ್ನು ನಮ್ಮ ಊರುಗಳ ಹೆಂಗಸರು ಎಷ್ಟು ಬಾರಿ ಕೇಳಿಸಿಕೊಂಡಿದ್ದಾರೋ. ಮನೆಯಲ್ಲಿ ಅದರ ಅರ್ಥ ‘ಇವಳಿಗೆ ಏನೂ ಇಲ್ಲ’ ಎಂದಾಗುತ್ತದೆ. ಅಂಥವರಿಗೆ ಯಾರಾದರೂ ‘ಒಂದು ಹಳೇ ಮಾತ್ರೆ ಇದೆ, ನೋಡ್ತೀರಾ?’ ಎಂದರೆ ಆ ಪ್ರಶ್ನೆಯಲ್ಲಿಯೇ ನಿಮ್ಮ ನೋವು ನಿಜ ಎಂಬ ಒಪ್ಪಿಗೆ ಇರುತ್ತದೆ. ಅದರ ಬೆಲೆಯನ್ನು ಕಡಿಮೆ ಅಂದಾಜು ಮಾಡುವವರು ಈ ಚರ್ಚೆಗೆ ಇಳಿಯಲೇಬಾರದು.

ಅನುಮತಿಯ ಪತ್ರಕ್ಕೆ ನಾವು ಕೊಡುವ ಗೌರವವನ್ನೂ ಸ್ವಲ್ಪ ಪರಿಶೀಲಿಸಬೇಕು. ಫೈಬ್ರೊಮಯಾಲ್ಜಿಯಾಕ್ಕೆ ಎಫ್‌ಡಿಎ 2007ರಲ್ಲಿ ಪ್ರೆಗಾಬಲಿನ್, 2008ರಲ್ಲಿ ಡ್ಯುಲೋಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಒಪ್ಪಿತು. ಯುರೋಪಿನ ನಿಯಂತ್ರಣ ಸಂಸ್ಥೆಗೆ ಇವೇ ಮೂರು ಔಷಧಿಗಳು ಬಂದಾಗ ಅದು ಮೂರನ್ನೂ ನಿರಾಕರಿಸಿತು. ನ್ಯೂಯಾರ್ಕಿನಲ್ಲಿ ಅಧಿಕೃತ ಚಿಕಿತ್ಸೆಯಾದದ್ದು ಪ್ಯಾರಿಸ್ಸಿನಲ್ಲಿ ಆಫ್‌-ಲೇಬಲ್. ರೋಗಿಯ ನರಮಂಡಲಕ್ಕೆ ಈ ಗಡಿ ಗೊತ್ತಿಲ್ಲ. ಅನುಮತಿ ಎಂದರೆ ಒಂದು ಕಂಪನಿ ಹಣ ಹಾಕಿ ಪ್ರಯೋಗ ಮಾಡಿಸಿತು, ಕಾಗದ ಸಲ್ಲಿಸಿತು, ಒಂದು ಸಮಿತಿಗೆ ಅದು ಸಾಕೆನಿಸಿತು ಎಂಬಷ್ಟೇ ಅರ್ಥ. ಕಂಪನಿಗೆ ಆಸಕ್ತಿಯೇ ಇಲ್ಲದ ಔಷಧಿಗೆ ಆ ಕಾಗದ ಯಾರೂ ಸಲ್ಲಿಸುವುದಿಲ್ಲ.

ಇತಿಹಾಸವೂ ಈ ಕಡೆಯೇ ಮಾತಾಡುತ್ತದೆ. ಮುಖದ ಒಂದು ಪಕ್ಕದಲ್ಲಿ ಕರೆಂಟು ಹೊಡೆದಂತೆ ಬರುವ ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ 1942ರಲ್ಲಿ ಫ್ರೆಂಚ್ ವೈದ್ಯ ಬೆರ್ಗೂನ್ಯಾನ್ ಮೂರ್ಛೆರೋಗದ ಫೆನಿಟಾಯಿನ್ ಕೊಟ್ಟು ನೋಡಿದರು. 1962ರಲ್ಲಿ ಸ್ವೀಡನ್ನಿನ ಬ್ಲೋಮ್ ಇನ್ನೊಂದು ಮೂರ್ಛೆಯ ಔಷಧಿ ಕಾರ್ಬಮಝೆಪಿನ್ ಕೊಟ್ಟರು. ಇವತ್ತು ಆ ನೋವಿಗೆ ಮೊದಲು ಬರೆಯುವ ಔಷಧಿ ಅದೇ. ಖಿನ್ನತೆಗೆಂದು 1961ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಮಿಟ್ರಿಪ್ಟಿಲಿನ್ ಇವತ್ತು ನರನೋವಿಗೆ ಜಗತ್ತಿನಾದ್ಯಂತ ಸಣ್ಣ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2021ರಲ್ಲಿ ಕಾರಣ ಸ್ಪಷ್ಟವಿಲ್ಲದ ದೀರ್ಘಕಾಲದ ನೋವಿಗೆ ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್‌ನಂಥ ಖಿನ್ನತೆಯ ಔಷಧಿಗಳನ್ನು ಪರಿಗಣಿಸಬಹುದು ಎಂದಿತು. ಈ ಉದ್ದೇಶಕ್ಕೆ ಅವಕ್ಕೆ ಅನುಮತಿಯಿಲ್ಲ ಎಂಬುದನ್ನು ತಿಳಿದೇ ಹೇಳಿದ ಮಾತದು. ಗ್ಯಾಬಪೆಂಟಿನ್, ಪ್ರೆಗಾಬಲಿನ್‌ಗಳನ್ನು ಆ ನೋವಿಗೆ ಬೇಡ ಎಂದೂ ಅದೇ ಮಾರ್ಗಸೂಚಿ ಹೇಳಿತು.

ಇಷ್ಟು ಹೇಳಿದ ಮೇಲೆ ಗ್ಯಾಬಪೆಂಟಿನ್ನಿನ ಕಥೆಯನ್ನು ಹೇಳದೆ ಬಿಟ್ಟರೆ ವಂಚನೆಯಾಗುತ್ತದೆ. 1993ರ ಕೊನೆಯಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಮೂರ್ಛೆರೋಗಕ್ಕೆ, ಅದೂ ಇನ್ನೊಂದು ಔಷಧಿಯ ಜೊತೆಗೆ. ಮಾರುತ್ತಿದ್ದ ಪಾರ್ಕ್-ಡೇವಿಸ್ ಕಂಪನಿಗೆ ಆ ಮಾರುಕಟ್ಟೆ ಸಾಲಲಿಲ್ಲ. ನೋವು, ಮೈಗ್ರೇನ್, ಬೈಪೋಲಾರ್ ಎಂದು ಅನುಮತಿಯಿಲ್ಲದ ಬಳಕೆಗಳನ್ನು ವೈದ್ಯರ ಮುಂದೆ ಹರಡಲು ತನ್ನ ಪ್ರತಿನಿಧಿಗಳನ್ನು ಬಿಟ್ಟಿತು. ವೈದ್ಯರು ತಮ್ಮ ವಿವೇಚನೆಯಿಂದ ಹಾಗೆ ಬರೆಯಬಹುದು; ಕಂಪನಿ ಹಾಗೆ ಪ್ರಚಾರ ಮಾಡುವುದು ಅಲ್ಲಿ ಅಪರಾಧ. 1996ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ವಿಜ್ಞಾನಿ ಡೇವಿಡ್ ಫ್ರಾಂಕ್ಲಿನ್ ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆರಲು ಒಪ್ಪಿತು; ಅಷ್ಟರಲ್ಲಿ ಅದು ಫೈಝರ್ ಕೈ ಸೇರಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ದಂಡದ ಮೊತ್ತವಲ್ಲ. ಆ ಮೊಕದ್ದಮೆಗಳಿಂದ ಹೊರಬಿದ್ದ ಒಳಕಾಗದಗಳನ್ನು ಸಂಶೋಧಕರು ಪ್ರಕಟಿತ ಪ್ರಬಂಧಗಳ ಪಕ್ಕದಲ್ಲಿಟ್ಟು ನೋಡಿ 2009ರಲ್ಲಿ ತಮಗೆ ಕಂಡದ್ದನ್ನು ಬರೆದರು. ಅನುಮತಿಯಿಲ್ಲದ ಬಳಕೆಗಳ ಬಗ್ಗೆ 20 ಪ್ರಯೋಗ ನಡೆದಿದ್ದವು, ಬೆಳಕು ಕಂಡದ್ದು 12. ಆ ಹನ್ನೆರಡರಲ್ಲಿ ಎಂಟರಲ್ಲಿ, ಯಾವುದನ್ನು ಅಳೆಯುತ್ತೇವೆಂದು ಮೊದಲು ಬರೆದಿಟ್ಟಿದ್ದರೋ ಪ್ರಕಟಣೆಯಲ್ಲಿದ್ದದ್ದು ಅದಾಗಿರಲಿಲ್ಲ. ಅಂದರೆ ಮೊದಲು ನೆಟ್ಟ ಗುರಿಗೆ ಬಾಣ ತಾಗದಾಗ ಬಾಣ ಬಿದ್ದ ಕಡೆಗೆ ಗುರಿಯನ್ನೇ ಕೊಂಡೊಯ್ದಿದ್ದರು.

ದೊಡ್ಡ ಕಂಪನಿಯೊಂದು ಹಣದಾಸೆಗೆ ಮಾಡಿದ ಈ ಕೆಲಸವನ್ನೇ ನೋವಿನ ರೋಗಿಯೂ ಅವರ ವೈದ್ಯರೂ ಹಣದಾಸೆಯಿಲ್ಲದೆ, ಬರೀ ಆಸೆಯಿಂದ, ತಮಗೆ ತಿಳಿಯದೆಯೇ ಮಾಡುತ್ತಾರೆ. ಮಾತ್ರೆ ಶುರು ಮಾಡಿದ್ದು ಮೊಣಕಾಲಿನಿಂದ ಕೆಳಗಿನ ಉರಿಗೆ. ತಿಂಗಳಾದರೂ ಉರಿ ಇಳಿಯಲಿಲ್ಲ. ಆದರೆ ‘ನಿದ್ದೆ ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ’. ಸರಿ, ಮುಂದುವರಿಸಿ. ಇನ್ನೊಂದು ತಿಂಗಳಿಗೆ ನಿದ್ದೆಯೂ ಮೊದಲಿನಂತೆ. ‘ಈಗ ಮನಸ್ಸಿಗೆ ಒಂಥರಾ ಧೈರ್ಯ’. ಮುಂದುವರಿಸಿ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರಿಗೂ ಒಳ್ಳೆಯದನ್ನು ಕಾಣಬೇಕೆಂಬ ಹಂಬಲ ಇದೆ, ಹಂಬಲವೇ ಗುರಿಯನ್ನು ಪ್ರತಿ ಸಲ ಒಂದಿಷ್ಟು ಸರಿಸುತ್ತದೆ.

ಮತ್ತೆ ನಾಲ್ಟ್ರೆಕ್ಸೋನ್‌ಗೆ ಬರುತ್ತೇನೆ, ಏಕೆಂದರೆ ಈ ಮಾತ್ರೆಯ ಕಥೆಯಲ್ಲಿ ಆಸೆ ಮತ್ತು ಅಳತೆ ಎರಡೂ ಪಕ್ಕಪಕ್ಕದಲ್ಲೇ ನಡೆದಿವೆ. 1983ರಲ್ಲಿ ಇಯಾನ್ ಝಾಗನ್ ಮತ್ತು ಅವರ ಸಹೋದ್ಯೋಗಿ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಚ್ಚು ಪ್ರಮಾಣದ ನಾಲ್ಟ್ರೆಕ್ಸೋನ್ ಗಡ್ಡೆಯ ಬೆಳವಣಿಗೆಯನ್ನು ಚುರುಕುಗೊಳಿಸಿತು, ಕಡಿಮೆ ಪ್ರಮಾಣ ಅದನ್ನು ತಡೆಯಿತು. ಒಂದೇ ವಸ್ತು ಪ್ರಮಾಣ ಬದಲಾದಾಗ ತದ್ವಿರುದ್ಧವಾಗಿ ನಡೆದುಕೊಂಡದ್ದು ಕುತೂಹಲ ಹುಟ್ಟಿಸಿತು. 1980ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ವೈದ್ಯ ಬರ್ನಾರ್ಡ್ ಬಿಹಾರಿ ಅದನ್ನು ಮೊದಲು ಏಡ್ಸ್ ರೋಗಿಗಳಿಗೆ, ಆಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಕೊಟ್ಟರು. ಹೇಗೆ ಕೆಲಸ ಮಾಡುತ್ತಿರಬಹುದು ಎಂಬುದಕ್ಕೆ ಎರಡು ಊಹೆಗಳಿವೆ. ದೇಹವೇ ತಯಾರಿಸುವ ಎಂಡಾರ್ಫಿನ್‌ಗಳು ಕೂರುವ ಜಾಗವನ್ನು ಸಣ್ಣ ಪ್ರಮಾಣ ಕೆಲವು ಗಂಟೆ ಮಾತ್ರ ತಡೆಯುತ್ತದೆ, ತಡೆ ತೆರವಾದ ಮೇಲೆ ದೇಹ ಹೆಚ್ಚು ಎಂಡಾರ್ಫಿನ್ ಸುರಿಸುತ್ತದೆ ಎಂಬುದು ಒಂದು. ಮಿದುಳು ಮತ್ತು ಬೆನ್ನುಹುರಿಯಲ್ಲಿ ಕಾವಲಿಗಿರುವ ಮೈಕ್ರೋಗ್ಲಿಯಾ ಕೋಶಗಳು ಕೆರಳಿ ನೋವನ್ನು ಹೆಚ್ಚಿಸುತ್ತವೆ, ಅವನ್ನು ಇದು ಶಾಂತಗೊಳಿಸುತ್ತದೆ ಎಂಬುದು ಇನ್ನೊಂದು. ಎರಡೂ ಕೇಳಲು ಚೆನ್ನಾಗಿವೆ. ವೈದ್ಯಕೀಯದಲ್ಲಿ ಕೇಳಲು ಚೆನ್ನಾಗಿದ್ದು ಕೈಕೊಟ್ಟ ವಿವರಣೆಗಳಿಗೆ ಬರವಿಲ್ಲ.

ಅಳತೆ ಶುರುವಾದದ್ದು ಸ್ಟ್ಯಾನ್‌ಫರ್ಡ್‌ನಲ್ಲಿ. ಜ್ಯಾರೆಡ್ ಯಂಗರ್ 2009ರಲ್ಲಿ ಫೈಬ್ರೊಮಯಾಲ್ಜಿಯಾ ಇದ್ದ ಹತ್ತು ಮಹಿಳೆಯರಿಗೆ 4.5 ಮಿಲಿಗ್ರಾಂ ಕೊಟ್ಟು ನೋಡಿದರು. ಫಲಿತಾಂಶ ಆಶಾದಾಯಕವಾಗಿತ್ತು. 2013ರಲ್ಲಿ 31 ಮಹಿಳೆಯರ ಮೇಲೆ, ಯಾರಿಗೆ ಯಾವಾಗ ನಿಜವಾದ ಮಾತ್ರೆ, ಯಾವಾಗ ತೋರಿಕೆಯ ಮಾತ್ರೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪ್ರಯೋಗ ಮಾಡಿದರು. ನೋವು ಮಾತ್ರೆಯಿಂದ ಶೇ. 28.8ರಷ್ಟು ಇಳಿಯಿತು, ತೋರಿಕೆಯ ಮಾತ್ರೆಯಿಂದ ಶೇ. 18ರಷ್ಟು. ಈ ಎರಡು ಅಂಕಿಗಳನ್ನು ಓದುಗರು ಒಂದು ಕ್ಷಣ ನಿಂತು ನೋಡಬೇಕೆಂದು ನನ್ನ ಕೋರಿಕೆ. ಮಾತ್ರೆಯಿಂದ ಆಯಿತೆಂದು ರೋಗಿಗೆ ಅನಿಸಿದ ಆರಾಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಔಷಧಿಯೇ ಇಲ್ಲದ ಗುಳಿಗೆಯಿಂದಲೂ ಸಿಕ್ಕಿತ್ತು.

ಆಮೇಲೆ ಡೆನ್ಮಾರ್ಕಿನ ಓಡೆನ್ಸೆಯಲ್ಲಿ ದೊಡ್ಡ ಪ್ರಯೋಗ ನಡೆಯಿತು. 99 ಮಹಿಳೆಯರು, 6 ಮಿಲಿಗ್ರಾಂ, 12 ವಾರ. ಲ್ಯಾನ್ಸೆಟ್ ಬಳಗದ ಸಂಧಿವಾತ ಪತ್ರಿಕೆಯಲ್ಲಿ 2024ರ ಆರಂಭದ ಸಂಚಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಹತ್ತರ ಅಳತೆಯಲ್ಲಿ ನೋವು ಮಾತ್ರೆ ತೆಗೆದುಕೊಂಡವರಲ್ಲಿ 1.3ರಷ್ಟು, ತೋರಿಕೆಯ ಗುಳಿಗೆಯವರಲ್ಲಿ 0.9ರಷ್ಟು ಇಳಿದಿತ್ತು. ಇಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೂ ಬರಬಹುದು. ನೆನಪಿನ ತೊಂದರೆಯಲ್ಲಿ ಏನೋ ಅನುಕೂಲ ಕಂಡಂತಿದೆ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು ಎಂದು ಸಂಶೋಧಕರು ಎಚ್ಚರಿಕೆಯಿಂದ ಬರೆದರು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿಯೂ ಹೀಗೆಯೇ. 2010ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದ ಸಣ್ಣ ಪ್ರಯೋಗದಲ್ಲಿ ಮಾನಸಿಕ ನೆಮ್ಮದಿಯ ಅಳತೆ ಸುಧಾರಿಸಿತು, ದೈಹಿಕ ಅಳತೆ ಸುಧಾರಿಸಲಿಲ್ಲ. ಅದೇ ವರ್ಷ ಇರಾನಿನಲ್ಲಿ 96 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯ ಸಂಶೋಧಕರು ಆ ಟಿವಿ ಕಾರ್ಯಕ್ರಮದ ನಂತರದ ಔಷಧ ದಾಖಲೆಗಳನ್ನು ತೆಗೆದು ನೋಡಿದಾಗ, ಬಿಡದೆ ಈ ಮಾತ್ರೆ ತೆಗೆದುಕೊಂಡವರಲ್ಲಿ ಅಫೀಮು ವರ್ಗದ ನೋವುನಿವಾರಕಗಳ ಬಳಕೆ ಇಳಿದಿತ್ತು. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಉಳಿದ ಔಷಧಿಗಳು ಹಾಗೆಯೇ ಮುಂದುವರಿದಿದ್ದವು.

ಇದನ್ನೆಲ್ಲ ಓದಿ ‘ಹಾಗಾದರೆ ಈ ಮಾತ್ರೆ ಮೋಸ’ ಎಂದು ತೀರ್ಮಾನಿಸುವುದು ಸುಲಭ. ನಾನು ಹಾಗೆನ್ನುವುದಿಲ್ಲ. ಸರಾಸರಿಯಲ್ಲಿ ಸಣ್ಣದಾಗಿ ಕಾಣುವ ಲಾಭದ ಒಳಗೆ ಚೆನ್ನಾಗಿ ಗುಣ ಕಂಡ ಕೆಲವರೂ ಏನೂ ಕಾಣದ ಹಲವರೂ ಸೇರಿಹೋಗಿರಬಹುದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಟ್ ಮತ್ತು ಸಂಗಡಿಗರು 1986ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಸಾವಿರ ಜನರ ಬದಲು ಒಬ್ಬರೇ ರೋಗಿಯ ಮೇಲೆ ಶಿಸ್ತಿನ ಪ್ರಯೋಗ: ಕೆಲವು ವಾರ ನಿಜವಾದ ಮಾತ್ರೆ, ಕೆಲವು ವಾರ ತೋರಿಕೆಯದು, ಯಾವುದು ಯಾವಾಗ ಎಂದು ಔಷಧಿ ತಯಾರಿಸಿದವರಿಗೆ ಮಾತ್ರ ಗೊತ್ತು. ರೋಗಿ ದಿನವೂ ತನ್ನ ಸ್ಥಿತಿಗೆ ಅಂಕ ಹಾಕುತ್ತಾ ಹೋಗುತ್ತಾರೆ, ಕೊನೆಗೆ ಗುಟ್ಟು ಒಡೆಯುತ್ತದೆ. 1991ರಲ್ಲಿ ಇದೇ ಬಳಗ ಫೈಬ್ರೊಮಯಾಲ್ಜಿಯಾ ಇದ್ದ 23 ಜನರ ಮೇಲೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅಮಿಟ್ರಿಪ್ಟಿಲಿನ್ ಪರೀಕ್ಷಿಸಿ ಪ್ರಕಟಿಸಿತು. ಕೆಲವರಿಗೆ ಅನುಕೂಲ ಸ್ಪಷ್ಟವಾಗಿತ್ತು, ಉಳಿದವರಿಗೆ ಹಾಗಿರಲಿಲ್ಲ. ಗುಣ ಕಂಡವರು ನಂಬಿಕೆಯಿಂದ ಮುಂದುವರಿಯಬಹುದಿತ್ತು, ಕಾಣದವರು ಅನುಮಾನವಿಲ್ಲದೆ ಬಿಡಬಹುದಿತ್ತು. ಎರಡೂ ರೋಗಿಗೆ ಲಾಭವೇ.

ಇಷ್ಟೆಲ್ಲ ಏಕೆ, ನನ್ನ ಮೈ ನನಗೆ ಗೊತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಮೈ ಗೊತ್ತು, ಆದರೆ ನೋವು ಏರಿಳಿಯುವ ರೀತಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೊಸ ವೈದ್ಯರ ಬಳಿ ನಾವು ಹೋಗುವುದು ನೋವು ತಾರಕಕ್ಕೇರಿದ ವಾರದಲ್ಲಿ. ಅಲ್ಲಿಂದ ಅದು ಹೇಗೂ ಸ್ವಲ್ಪ ಇಳಿಯುವುದೇ. ಆ ಇಳಿತದ ಹೊತ್ತಿಗೆ ಕೈಯಲ್ಲಿದ್ದ ಮಾತ್ರೆಗೆ ಕೀರ್ತಿ ಹೋಗುತ್ತದೆ. ಸಯಾಟಿಕಾ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಬೆನ್ನಿನಿಂದ ಕಾಲಿಗೆ ಇಳಿಯುವ ನೋವೆಂದು ಹೋದವರ ಚೀಟಿಯಲ್ಲಿ ಪ್ರೆಗಾಬಲಿನ್ ಮತ್ತು ಮಿಥೈಲ್‌ಕೋಬಾಲಮಿನ್ ಸೇರಿದ ಮಾತ್ರೆ ತೀರ ಸಾಮಾನ್ಯ. ಸಿಡ್ನಿಯ ಸಂಶೋಧಕರು 209 ಜನರ ಮೇಲೆ ಪ್ರೆಗಾಬಲಿನ್ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಕೊಟ್ಟರು. ಎಂಟು ವಾರದ ಕೊನೆಗೆ ಎರಡೂ ಗುಂಪಿನವರ ಕಾಲುನೋವು ಇಳಿದಿತ್ತು, ಮಾತ್ರೆಯವರದು ಹೆಚ್ಚೇನೂ ಇಳಿದಿರಲಿಲ್ಲ. ತಲೆಸುತ್ತು ಮಾತ್ರ ಮಾತ್ರೆಯವರಿಗೇ ಹೆಚ್ಚು.

ಇನ್ನೊಂದು ಪ್ರಶ್ನೆ ಗಂಭೀರವಾದದ್ದು. ನೋವು ಕಡಿಮೆಯಾದರೆ ಸಾಕಲ್ಲವೇ, ಅದು ತೋರಿಕೆಯ ಗುಳಿಗೆಯಿಂದಲೇ ಆದರೂ ಏನೀಗ? ಆರು ವಾರದ ಮಟ್ಟಿಗೆ ಈ ಪ್ರಶ್ನೆಯ ಮುಂದೆ ನಾನು ತಲೆಬಾಗುತ್ತೇನೆ. ಆರು ವರ್ಷದ ಮಟ್ಟಿಗೆ ಇಲ್ಲ. ಫಲವಿಲ್ಲದ ಮಾತ್ರೆ ಫಲ ಕೊಡಬಹುದಾಗಿದ್ದ ಇನ್ನೊಂದರ ಜಾಗವನ್ನು ಹಿಡಿದು ಕೂರುತ್ತದೆ. ಪ್ರೆಗಾಬಲಿನ್‌ನಿಂದ ತೂಕ ಏರುತ್ತದೆ, ತೂಕಡಿಕೆ ಬರುತ್ತದೆ, ವಯಸ್ಸಾದವರು ಬಚ್ಚಲಲ್ಲಿ ಬೀಳುತ್ತಾರೆ. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಪ್ರಾಸ್ಟೇಟ್ ತೊಂದರೆ ಇದ್ದ ಗಂಡಸರಿಗೆ ಮೂತ್ರ ಕಟ್ಟಿಸುತ್ತದೆ. ಕಾರ್ಬಮಝೆಪಿನ್‌ನಿಂದ ಚರ್ಮ ಸುಲಿದುಬರುವ, ಜೀವಕ್ಕೇ ಅಪಾಯವಾಗುವ ಪ್ರತಿಕ್ರಿಯೆ ಅಪರೂಪಕ್ಕೆ ಬರುತ್ತದೆ, ಅದರ ಸಂಭವ ಹೆಚ್ಚಿಸುವ ಒಂದು ವಂಶವಾಹಿ ಏಷ್ಯಾದ ಜನರಲ್ಲಿ ಹೆಚ್ಚಾಗಿ ಕಾಣುತ್ತದೆ. ಇಂಥ ಅಪಾಯವನ್ನು ಹೊರುವುದಾದರೆ ಬದಲಿಗೆ ಏನು ಸಿಗುತ್ತಿದೆ ಎಂದು ತಿಳಿಯುವ ಹಕ್ಕು ರೋಗಿಗೆ ಇರಬೇಕು.

ನಮ್ಮ ಊರಿನ ಮಟ್ಟದಲ್ಲಿ ಈ ತಿಳಿವಳಿಕೆ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಹಾಸನದ ಒಂದು ಮೆಡಿಕಲ್ ಶಾಪಿನ ಮುಂದೆ ನಿಂತು ಕಂಡಿದ್ದೇನೆ. ಅರವತ್ತರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಮಗ. ಚೀಟಿಯಲ್ಲಿ ಅಮಿಟ್ರಿಪ್ಟಿಲಿನ್ 10, ರಾತ್ರಿ ಒಂದು. ಅಂಗಡಿಯ ಹುಡುಗ ಸ್ಟ್ರಿಪ್ ಕತ್ತರಿಸುತ್ತಾ ಕೇಳಿದ:

‘ಅಮ್ಮಾ, ಇದು ಡಿಪ್ರೆಶನ್ ಮಾತ್ರೆ. ನಿದ್ದೆ ಬರಲ್ವಾ ನಿಮಗೆ?’

‘ಇಲ್ಲಪ್ಪಾ, ನಾನು ತೋರಿಸಿದ್ದು ಕಾಲುರಿಗೆ.’

ಮಗ ಚೀಟಿ ವಾಪಸ್ ತಗೊಂಡ. ‘ಬೇಡ ಬಿಡಮ್ಮ, ತಲೆಗೆ ಹತ್ತೋ ಮಾತ್ರೆ ಇದು. ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ.’

ಉಳಿದ ಮಾತ್ರೆಗಳನ್ನು ಮಾತ್ರ ತಗೊಂಡು ಹೊರಟರು. ವೈದ್ಯರು ಬರೆದದ್ದರಲ್ಲಿ ತಪ್ಪಿರಲಿಲ್ಲ. ಸಕ್ಕರೆ ಕಾಯಿಲೆಯ ನರನೋವಿಗೆ ಅದು ದಶಕಗಳಿಂದ ಬಳಕೆಯಲ್ಲಿರುವ ಔಷಧಿ, ಅಷ್ಟು ಸಣ್ಣ ಪ್ರಮಾಣ ಖಿನ್ನತೆಗೆ ಸಾಲುವುದೂ ಇಲ್ಲ. ಅಂಗಡಿಯ ಹುಡುಗನೂ ಸುಳ್ಳು ಹೇಳಲಿಲ್ಲ. ‘ಇದು ಮೂಲದಲ್ಲಿ ಬೇರೆ ಕಾಯಿಲೆಯದು, ನಿಮಗೆ ಈ ಕಾರಣಕ್ಕೆ ಕೊಡುತ್ತಿದ್ದೇನೆ, ಅಂಗಡಿಯಲ್ಲಿ ಹಾಗಂದರೆ ಹೆದರಬೇಡಿ’ ಎಂಬ ಒಂದೇ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಸಾಕಿತ್ತು. ಅದಕ್ಕೆ ಅರ್ಧ ನಿಮಿಷ ಬೇಕು. ಹೊರರೋಗಿ ವಿಭಾಗದಲ್ಲಿ ಬಾಗಿಲ ತನಕ ಸಾಲು ನಿಂತಿರುವಾಗ ಆ ಅರ್ಧ ನಿಮಿಷವೂ ದುಬಾರಿ ಎಂಬುದು ನನಗೆ ಗೊತ್ತು. ಆದರೂ ಅದನ್ನು ಕೊಡದೆ ಬರೆದ ಚೀಟಿ ಅಂಗಡಿಯ ಕಟ್ಟೆಯ ಮೇಲೆಯೇ ಸಾಯುತ್ತದೆ.

ಸಣ್ಣ ಪ್ರಮಾಣದ ನಾಲ್ಟ್ರೆಕ್ಸೋನ್ ಇಲ್ಲಿಗೆ ಬಂದಾಗ ಅಪಾಯದ ಬಗೆಯೇ ಬೇರೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಸಿಗುವುದು ಕುಡಿತ ಬಿಡಿಸಲು ಬಳಸುವ 50 ಮಿಲಿಗ್ರಾಂ ಮಾತ್ರೆಯಾಗಿ. ವಿದೇಶಗಳಲ್ಲಿ ಕೆಲವು ಔಷಧಾಲಯಗಳು ಹೇಳಿದ ಪ್ರಮಾಣಕ್ಕೆ ಕ್ಯಾಪ್ಸೂಲ್ ತುಂಬಿಕೊಡುತ್ತವೆ. ಆ ಸೌಕರ್ಯ ಸಿಗದ ಕಡೆ ಜನ ಮಾತ್ರೆಯನ್ನು ಚೂರು ಮಾಡುತ್ತಾರೆ, ನೀರಲ್ಲಿ ಕರಗಿಸಿ ಸಿರಿಂಜಿನಲ್ಲಿ ಅಳೆಯುತ್ತಾರೆ. ಕೈಯಿಂದ ಮುರಿದ ಚೂರಿನಲ್ಲಿ ಮೂರು ಮಿಲಿಗ್ರಾಂ ಇದೆಯೋ ಎಂಟು ಇದೆಯೋ ಯಾರು ಹೇಳಬಲ್ಲರು? ಇಡೀ ವಾದವೇ ಸಣ್ಣ ಪ್ರಮಾಣದ ಮೇಲೆ ನಿಂತಿರುವಾಗ ಪ್ರಮಾಣವೇ ಗೊತ್ತಿಲ್ಲದ ಪ್ರಯೋಗದಿಂದ ಏನು ತಿಳಿದೀತು?

ಅದಕ್ಕಿಂತ ದೊಡ್ಡ ಅಪಾಯ ಟ್ರಾಮಡಾಲ್. ನಮ್ಮಲ್ಲಿ ಪ್ಯಾರಾಸಿಟಮಾಲ್ ಜೊತೆ ಸೇರಿಸಿ ಧಾರಾಳವಾಗಿ ಬರೆಯುವ ನೋವಿನ ಮಾತ್ರೆ ಅದು. ದುರ್ಬಳಕೆ ಹೆಚ್ಚಿದ್ದಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದಿತು. ಟ್ರಾಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಇವೆಲ್ಲ ಅಫೀಮು ವರ್ಗದವು, ನಾಲ್ಟ್ರೆಕ್ಸೋನ್ ಅವುಗಳ ನೇರ ವಿರೋಧಿ. ದಿನಾ ಟ್ರಾಮಡಾಲ್ ತಗೊಳ್ಳುತ್ತಿರುವವರು ಇದನ್ನು ನುಂಗಿದರೆ ಬೆವರು, ವಾಂತಿ, ನಡುಕ, ತಡೆಯಲಾರದ ಚಡಪಡಿಕೆ ಒಮ್ಮೆಲೇ ಬಂದೆರಗಬಹುದು. ತನ್ನ ಸ್ಟ್ರಿಪ್ಪಿನಲ್ಲಿರುವುದು ಅಫೀಮು ವರ್ಗದ ಔಷಧಿ ಎಂಬುದೇ ಬಹುಪಾಲು ರೋಗಿಗಳಿಗೆ ಗೊತ್ತಿರುವುದಿಲ್ಲ. ಮುಂದೆಂದಾದರೂ ಆಪರೇಷನ್ ಎಂದಾದರೆ ಅರಿವಳಿಕೆ ವೈದ್ಯರಿಗೂ ಈ ವಿಷಯ ಹೇಳಲೇಬೇಕು. ಇಲ್ಲವಾದರೆ ಆಗ ಕೊಡುವ ನೋವುನಿವಾರಕ ಕೆಲಸ ಮಾಡದೇ ಹೋಗಬಹುದು. ವೈದ್ಯರಿಲ್ಲದೆ ಇದನ್ನು ತಾನೇ ತರಿಸಿಕೊಂಡು ನುಂಗುವುದಕ್ಕೆ ನಾನು ವಿರುದ್ಧವಾಗಿರುವುದು ಈ ಕಾರಣಕ್ಕೆ. ಉಳಿದಂತೆ ಇದರ ತೊಂದರೆಗಳು ಸಾಮಾನ್ಯವಾಗಿ ಹಗುರವಾದವು: ಕಣ್ಣಿಗೆ ಕಟ್ಟಿದಂಥ ಕನಸುಗಳು, ನಿದ್ದೆಗೇಡು, ತಲೆನೋವು, ಹೊಟ್ಟೆ ತೊಳಸು.

ವೈದ್ಯರೂ ರೋಗಿಯೂ ಕೂಡಿ ಒಪ್ಪಿ ಶುರು ಮಾಡುವುದಾದರೆ ಚೀಟಿಯ ಹಿಂಬದಿಯಷ್ಟು ಜಾಗ ಸಾಕು. ಯಾವ ತೊಂದರೆಗೆ ಕೊಡುತ್ತಿದ್ದೇವೆ, ಅದನ್ನು ಯಾವುದರಿಂದ ಅಳೆಯುತ್ತೇವೆ, ಯಾವ ತಾರೀಖಿಗೆ ತೀರ್ಮಾನ ಎಂದು ಮಾತ್ರೆ ನುಂಗುವ ಮೊದಲೇ ಅಲ್ಲಿ ಬರೆಯಬೇಕು. ಅಳತೆ ರೋಗಿಯ ಬದುಕಿನಿಂದ ಬರಲಿ. ಹತ್ತರಲ್ಲಿ ಎಷ್ಟು ನೋವು ಎಂದು ಕೇಳಿದರೆ ಎಷ್ಟೋ ಜನ ತಬ್ಬಿಬ್ಬಾಗುತ್ತಾರೆ. ಬಸ್‌ಸ್ಟಾಂಡಿನ ತನಕ ನಿಲ್ಲದೆ ನಡೆದೆನೇ, ರೊಟ್ಟಿ ತಟ್ಟುವಷ್ಟು ಹೊತ್ತು ನೆಲದ ಮೇಲೆ ಕೂತೆನೇ, ರಾತ್ರಿ ಎಷ್ಟು ಸಲ ಎದ್ದೆ ಎಂದರೆ ತಡವರಿಸದೆ ಹೇಳುತ್ತಾರೆ. ಶುರು ಮಾಡುವ ಮೊದಲಿನ ಎರಡು ವಾರವನ್ನೂ ಬರೆದಿಡಬೇಕು, ಹೋಲಿಸಲು ಬೇರೇನೂ ಇರುವುದಿಲ್ಲ. ಅದೇ ಹೊತ್ತಿಗೆ ಇನ್ನೊಂದು ಹೊಸ ಔಷಧಿ ಸೇರಿಸಬಾರದು. ಗಡುವಿನ ದಿನ ಬಂದಾಗ ಬರೆದದ್ದನ್ನೇ ನೋಡಬೇಕು, ಆ ದಿನದ ಮನಸ್ಥಿತಿಯನ್ನಲ್ಲ. ಫಲ ಕಾಣದಿದ್ದರೆ ವೈದ್ಯರು ಹೇಳಿದಂತೆ ಇಳಿಸಿ ನಿಲ್ಲಿಸಬೇಕು. ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್‌ಗಳನ್ನು ಒಂದೇ ಸಲ ಬಿಡುವುದು ಸಲ್ಲದು. ಫಲ ಕಂಡರೂ ಕೆಲವು ತಿಂಗಳ ಮೇಲೆ ಒಮ್ಮೆ ಇಳಿಸಿ ನೋಡಬೇಕು. ನೋವು ಮರಳಿ ಬಂದರೆ ಮಾತ್ರೆಯ ಪರವಾಗಿ ಸಾಕ್ಷಿ ಇನ್ನಷ್ಟು ಗಟ್ಟಿಯಾಗುತ್ತದೆ.

ಇಷ್ಟನ್ನೂ ರೋಗಿ ಮತ್ತು ವೈದ್ಯರ ಹೆಗಲಿಗೇ ಹಾಕಿ ಕೈ ತೊಳೆದುಕೊಳ್ಳುವುದು ಅನ್ಯಾಯ. ಪೇಟೆಂಟ್ ಮುಗಿದು ದಶಕಗಳಾದ, ಯಾರು ಬೇಕಾದರೂ ತಯಾರಿಸಬಹುದಾದ ಮಾತ್ರೆಗೆ ದೊಡ್ಡ ಪ್ರಯೋಗ ಮಾಡಿಸಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ಗೆದ್ದರೂ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. 1984ರಲ್ಲಿ ಅನುಮತಿ ಪಡೆದ ಔಷಧಿಯ ಬಗ್ಗೆ ಇವತ್ತಿಗೂ ನಾವು 31, 99 ಎಂಬ ಸಂಖ್ಯೆಗಳನ್ನು ಹಿಡಿದು ಜಗ್ಗಾಡುತ್ತಿರುವುದು ಇದಕ್ಕೇ. ಸಾರ್ವಜನಿಕ ಹಣ ಇರಬೇಕಾದದ್ದು ಇಂಥ ಕಡೆ. ಅಗ್ಗದ ಔಷಧಿಗಳನ್ನು ದಂಡಿಯಾಗಿ ತಯಾರಿಸುವ ದೇಶ ನಮ್ಮದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವೂ ನರರೋಗ ವಿಭಾಗವೂ ಒಂದೇ ಆವರಣದಲ್ಲಿವೆ, ಅಂದರೆ ಈ ಮಾತ್ರೆಯನ್ನು ಬಲ್ಲವರೂ ಈ ನೋವನ್ನು ಬಲ್ಲವರೂ ಅಲ್ಲಿದ್ದಾರೆ. ಜಿಲ್ಲಾ ಆಸ್ಪತ್ರೆಗಳ ಸಕ್ಕರೆ ಕಾಯಿಲೆ ಕ್ಲಿನಿಕ್‌ಗಳಲ್ಲಿ ಕಾಲುರಿಯ ರೋಗಿಗಳು ದಿನವೂ ಸಾಲು ನಿಲ್ಲುತ್ತಾರೆ. ಸಣ್ಣ ಪ್ರಮಾಣದ ನಾಲ್ಟ್ರೆಕ್ಸೋನ್, ಹತ್ತು ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಮತ್ತು ತೋರಿಕೆಯ ಗುಳಿಗೆ ಈ ಮೂರನ್ನು ಹೋಲಿಸುವ, ಯಾವುದನ್ನು ಅಳೆಯುತ್ತೇವೆಂದು ಮೊದಲೇ ಸಾರ್ವಜನಿಕವಾಗಿ ಘೋಷಿಸಿದ, ಸೋತರೂ ಪ್ರಕಟಿಸುವ ಪ್ರಯೋಗವೊಂದು ಇಲ್ಲಿ ನಡೆಯಬಹುದು. ಬೇಕಾದ ಮಾತ್ರೆಗಳ ಖರ್ಚು ಆ ಪ್ರಯೋಗದ ಲೆಕ್ಕದಲ್ಲಿ ತೀರ ಚಿಕ್ಕ ಸಾಲಾಗಿರುತ್ತದೆ. ಹಣ ಬೇಕಿರುವುದು ರೋಗಿಗಳನ್ನು ಕೂರಿಸಿ ಕೇಳಿ ಬರೆದುಕೊಳ್ಳುವ ಜನರಿಗೆ.